ಹಸಿರು ದೀಪದ ಒಂಬತ್ತು ದಿನ

ನನಗೆ ಸಿಟ್ಟು ಬರುವುದು ಅಪರೂಪ. ಹೀಗೆಂದು ನಾನು ಯಾರ ಮುಂದೆ ಹೇಳಿದರೂ ನನ್ನ ಹೆಂಡತಿ ಮಹಾದೇವಿ ಅಡುಗೆಮನೆಯಿಂದ ಒಂದು ಸಲ ಕೆಮ್ಮುತ್ತಾಳೆ. ಅದನ್ನು ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಒಮ್ಮೆ ಬಂದ ಸಿಟ್ಟು ಬೇಗ ಇಳಿಯುವುದಿಲ್ಲ ಎನ್ನುವುದನ್ನು ನಾನೇ ಒಪ್ಪುತ್ತೇನೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಚಹಾ ಕುಡಿಯಲು ಹೋದವನ ಮೇಲಿನ ಸಿಟ್ಟು ಎರಡು ಸ್ಟಾಪು ದಾಟುವುದರಲ್ಲಿ ಇಳಿಯುತ್ತದೆ. ಪ್ರಿನ್ಸಿಪಾಲರ ಮೇಲಿನ ಸಿಟ್ಟಿಗೆ ಬೇಸಿಗೆ ರಜೆ ಬೇಕು. ಒಂದು ಡಬ್ಬಿಯ ಮೇಲಿನ ಸಿಟ್ಟು ಮಾತ್ರ ಇಷ್ಟು ವರ್ಷವಾದರೂ ಹಾಗೇ ಇದೆ. ಅಂಗೈಗಿಂತ ತುಸು ದೊಡ್ಡದಾದ, ಮೂರು ದೀಪಗಳ ಬಿಳಿ ಪ್ಲಾಸ್ಟಿಕ್ ಡಬ್ಬಿ ಅದು. ನಮ್ಮ ಮನೆಯ ಗೋಡೆಯ ಮೇಲೆ ಇದ್ದದ್ದು ಹದಿನೈದೇ ದಿನ. ಅದನ್ನು ತೆಗೆದುಕೊಂಡು ಹೋದ ಮೇಲೂ ಮೊಳೆಯ ತೂತು ಅಲ್ಲೇ ಉಳಿದಿದೆ, ದಿನಾ ಕಣ್ಣಿಗೆ ಬೀಳುತ್ತದೆ.

ಅದು ತೆಲಂಗಾಣ ಚಳವಳಿ ಕಾವೇರಿದ್ದ ಕಾಲ. ನಾನು ಜಹೀರಾಬಾದಿನ ಜೂನಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಮುಷ್ಕರದಿಂದ ಕಾಲೇಜಿಗೆ ಬೀಗ ಬಿದ್ದಿತ್ತು. ಬೆಳಿಗ್ಗೆ ಹೋಗಿ ಹೆದ್ದಾರಿ ಪಕ್ಕದ ಶಾಮಿಯಾನದಲ್ಲಿ ಸಹೋದ್ಯೋಗಿಗಳ ಜೊತೆ ಕೂರುವುದು, ತೆಲುಗಿನಲ್ಲಿ ಘೋಷಣೆ ಕೂಗುವುದು, ಉರ್ದುವಿನಲ್ಲಿ ಚಹಾ ಹೇಳುವುದು, ಮಧ್ಯಾಹ್ನ ಮನೆಗೆ ಬಂದು ಕನ್ನಡದಲ್ಲಿ ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಇಡೀ ಊರಿನ ನೌಕರದಾರ ಗಂಡಸರೆಲ್ಲ ಹಗಲಿಡೀ ಮನೆಯಲ್ಲಿದ್ದರು. ಹೆಂಗಸರಿಗೆ ಅದು ಎಂಥ ಕಷ್ಟದ ಕಾಲವಾಗಿತ್ತೆಂದು ಯಾವ ಭಾಷಣದಲ್ಲೂ ಯಾರೂ ಹೇಳಲಿಲ್ಲ.

ಅದೇ ಕಾರಣಕ್ಕೆ ನಮ್ಮನ್ನು ಹುಡುಕಿಕೊಂಡು ಹೈದರಾಬಾದಿನಿಂದ ಮೂವರು ಬಂದರು. ಒಬ್ಬರು ಮನುಷ್ಯರ ನಡವಳಿಕೆಯನ್ನು ಅಧ್ಯಯನ ಮಾಡುವ ಮೇಡಂ. ಎರಡನೆಯವರು ಜೀವಶಾಸ್ತ್ರಜ್ಞರು, ಹೃದಯದ ಬಡಿತದಿಂದ ಮನಸ್ಸನ್ನು ಅಳೆಯುವವರು. ಮೂರನೆಯವರು ಯಂತ್ರದ ವಿನ್ಯಾಸಗಾರರು, ಮನುಷ್ಯನ ಜೊತೆ ಮಾತಾಡಿ ಅವನನ್ನು ತಿದ್ದುವ ಯಂತ್ರ ಮಾಡುವುದು ಅವರ ವಿದ್ಯೆ. ಮೂರು ಶಾಸ್ತ್ರ ಕೂಡಿದರೆ ಸಂಸಾರದ ಗುಟ್ಟು ಬಯಲಾಗುತ್ತದೆ ಎಂದು ಅವರ ನಂಬಿಕೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಈ ಮೂರು ಕಡೆ ಕೆಲವು ಮನೆಗಳಲ್ಲಿ ಡಬ್ಬಿ ಹಚ್ಚುತ್ತೇವೆ, ಭಾಷೆ ಬಲ್ಲ ಸ್ಥಳೀಯರೊಬ್ಬರು ಬೇಕು, ಅವರ ಹೆಸರನ್ನು ಪ್ರಬಂಧದಲ್ಲಿ ನಮ್ಮ ಹೆಸರಿನ ಜೊತೆಗೇ ಅಚ್ಚು ಹಾಕುತ್ತೇವೆ ಎಂದರು. ಆ ಮಾತಿಗೆ ನಾನು ಬಿದ್ದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನನ್ನ ಹೆಸರು ಅಚ್ಚಾದದ್ದು ವರ್ಗಾವಣೆ ಪಟ್ಟಿಯಲ್ಲಿ ಮತ್ತು ನೆಂಟರ ಲಗ್ನಪತ್ರಿಕೆಯಲ್ಲಿ. ಲಗ್ನಪತ್ರಿಕೆಯಲ್ಲೂ ಕೊನೆಯ ಸಾಲಿನಲ್ಲಿ. ಸ್ಥಳೀಯ ಸಹಾಯಕನಾಗುತ್ತೇನೆ ಎಂದದ್ದು ಸಾಲದೆಂದು, ನಮ್ಮ ಮನೆಗೂ ಒಂದು ಡಬ್ಬಿ ಹಚ್ಚಿರಿ ಎಂದುಬಿಟ್ಟೆ. ನಮ್ಮದು ಏಳನೆಯ ಮನೆಯಾಯಿತು.

ಡಬ್ಬಿಯ ಕೆಲಸ ಸರಳ. ಅದಕ್ಕೆ ಮಾತಿನ ಅರ್ಥ ತಿಳಿಯದು, ಸದ್ದಿನ ಜೋರು ಮತ್ತು ಬಗೆ ಮಾತ್ರ ತಿಳಿಯುತ್ತದೆ. ಮನೆ ಶಾಂತವಾಗಿದ್ದರೆ ಹಸಿರು ದೀಪ, ದನಿ ಏರಿದರೆ ಹಳದಿ, ಜಗಳವಾದರೆ ಕೆಂಪು. ಕೆಂಪು ಹತ್ತಿದ ಕೂಡಲೇ ಅದರೊಳಗಿಂದ ಟೀವಿ ವಾರ್ತೆಯ ತೆಲುಗಿನಲ್ಲಿ ಒಂದು ಹೆಣ್ಣುದನಿ, ದಯವಿಟ್ಟು ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದು ಹೇಳುತ್ತದೆ. ಇದಲ್ಲದೆ ನನಗೂ ಮಹಾದೇವಿಗೂ ಮಣಿಕಟ್ಟಿಗೆ ಒಂದೊಂದು ಪಟ್ಟಿ ಕಟ್ಟಿದರು. ಅದು ಎದೆಬಡಿತವನ್ನು ಬರೆದಿಟ್ಟುಕೊಳ್ಳುತ್ತದೆ, ಕೊನೆಯ ದಿನವೇ ಬಿಚ್ಚಿ ನೋಡುವುದು. ನಮ್ಮವ್ವನಿಗೂ ಕಟ್ಟಲು ಹೋದರು. "ನಂದು ನನಗ ಗೊತ್ತದಪಾ, ಬ್ಯಾರೇದವ್ರು ಯಾಕ ಎಣಸ್ಬೇಕು" ಎಂದು ಆಕೆ ಸೆರಗಿನೊಳಗೆ ಕೈ ಹಾಕಿಕೊಂಡಳು.

ಮೊದಲ ದಿನದಿಂದಲೇ ಕೆಂಪು. ಅವ್ವನಿಗೆ ಕಿವಿ ಸ್ವಲ್ಪ ಮಂದ, ಪಕ್ಕದ ಮನೆಯ ಮುದುಕಿಗೆ ಪೂರ್ತಿ ಮಂದ. ಇಬ್ಬರೂ ಕಾಂಪೌಂಡ್ ಗೋಡೆಯ ಆಚೆ ಈಚೆ ನಿಂತು ಹಿಂದಿನ ದಿನದ ಪಲ್ಯದ ಬಗ್ಗೆ ಮಾತಾಡಿದರೆ ಕೆಂಪು. ಬೀದಿಯಲ್ಲಿ ಮೆರವಣಿಗೆ ಹೋದರೆ ಕೆಂಪು. ರಾಜ್ಯದ ಬೇಡಿಕೆಯೆಲ್ಲ ನನ್ನ ಸಂಸಾರದ ತಲೆಗೆ. ತಾಂಡೂರಿನ ಹತ್ತಿರದ ಬಶೀರಾಬಾದಿನ ತವರಿಗೆ ಮಹಾದೇವಿ ಫೋನ್ ಮಾಡಿದರೆ ಕೆಂಪು, ಏಕೆಂದರೆ ಫೋನಿಲ್ಲದಿದ್ದರೂ ಅಲ್ಲಿಗೆ ಕೇಳಿಸಬೇಕು ಎನ್ನುವಂತೆ ಅವಳು ಮಾತಾಡುತ್ತಾಳೆ. "ಈಕಿ ಯಾರ್ರಿ, ನಾ ನಮ್ಮವ್ವನ ಸಂಗಟ ಮಾತಾಡಿದ್ರ ನಡಬರಕ ಉಸರ ತಗೋ ಅನ್ನಾಕಿ?" ಎಂದು ಡಬ್ಬಿಯ ಕಡೆ ಬೆರಳು ಮಾಡಿ ಕೇಳಿದಳು. ಅದಕ್ಕೂ ಕೆಂಪೇ ಹತ್ತಿತು.

ಆರನೆಯ ದಿನ ಮೇಡಂ ಬಂದರು. ನನ್ನನ್ನು ಹೊರಗೆ ಕೂಡಿಸಿ ಮಹಾದೇವಿಯ ಜೊತೆ ಮೆಲ್ಲಗೆ ಏನೋ ಮಾತಾಡಿದರು. ಮಹಾದೇವಿ ಹೊರಗೆ ಬರುವಾಗ ಅವಳ ಕೈಯಲ್ಲಿ ಒಂದು ಮಡಚಿದ ಕಾಗದವಿತ್ತು. "ಇದ್ರಾಗ ಫೋನ್ ನಂಬರ್ ಅದ. ನೀವು ಹೊಡದ್ರ ಇದಕ್ಕ ಫೋನ್ ಮಾಡ್ಬೇಕಂತ" ಎಂದಳು. ನೀನೇನು ಹೇಳಿದೆ ಎಂದು ಕೇಳಿದೆ. "ಇನ್ನಾ ಹೊಡದಿಲ್ರಿ, ಹೊಡದ ದಿನ ಮಾಡ್ತೀನಿ ಅಂದೀನಿ" ಎಂದು ಒಳಗೆ ಹೋದಳು.

ದಿನಾ ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ, ಒಂದೇ ಸಮನೆ ಅರ್ಧ ಗಂಟೆ ಈ ಮನೆಯಲ್ಲಿ ಹೊಡೆತದ ಸದ್ದು ಬರುತ್ತದೆ ಎಂದು ಡಬ್ಬಿ ಮೇಡಂಗೆ ವರದಿ ಮಾಡಿತ್ತಂತೆ. ನಾನು ಹೊಡೆಯುವುದೆ? ಪ್ರಯೋಗಾಲಯದಲ್ಲಿ ಕಪ್ಪೆ ಕೊಯ್ಯುವ ದಿನ ಅಟೆಂಡರ್ ಕೈಗೆ ಕತ್ತರಿ ಕೊಟ್ಟು ಕಿಟಕಿಯ ಕಡೆ ನೋಡುತ್ತ ಪಾಠ ಮಾಡುವವನು ನಾನು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ನಮ್ಮ ಮನೆಯಲ್ಲಿ ಆಗುವುದು ಜೋಳದ ರೊಟ್ಟಿ. ಮಹಾದೇವಿ ಹಿಟ್ಟು ನಾದಿ, ಕಲ್ಲಿನ ಮೇಲಿಟ್ಟು ಬಡಿಯಲು ಕೂತರೆ ಆ ಸದ್ದು ತಾಂಡೂರು ಫರ್ಸಿಕಲ್ಲಿನ ನೆಲದಲ್ಲಿ ಹಾದು ಹೊರಗಿನ ಕೋಣೆಯವರೆಗೂ ಬರುತ್ತದೆ. ಇದನ್ನು ನಾನು ಮೇಡಂಗೆ ವಿವರಿಸಿದೆ. ಕೈಯಿಂದ ಗಾಳಿಯಲ್ಲಿ ರೊಟ್ಟಿ ಬಡಿದೂ ತೋರಿಸಿದೆ. ಅದನ್ನು ತೋರಿಸಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಅವರು ತುಂಬ ಸೌಮ್ಯವಾಗಿ ನಕ್ಕು, ಎಲ್ಲ ಮನೆಗಳಲ್ಲೂ ಗಂಡಸರು ಒಂದಲ್ಲ ಒಂದು ಕಾರಣ ಹೇಳುತ್ತಾರೆ ಸಾರ್ ಎಂದರು. ಏಳು ಗಂಟೆಯವರೆಗೆ ಇದ್ದು ಕಣ್ಣಾರೆ ನೋಡಿ ಎಂದೆ. ಎಂಟನೆಯ ಮನೆ ನಾರಾಯಣಖೇಡದಲ್ಲಿದೆ, ರಸ್ತೆ ತಡೆಯಾಗುವುದರೊಳಗೆ ಹೋಗಬೇಕು ಎಂದು ಜೀಪು ಹತ್ತಿದರು. ಮೂರು ಶಾಸ್ತ್ರ ಓದಿಕೊಂಡ ಮೂವರಲ್ಲಿ ಒಬ್ಬರಿಗಾದರೂ ರೊಟ್ಟಿ ಗೊತ್ತಿರಬೇಡವೆ?

ಈಗ ನನ್ನ ಸ್ಥಿತಿ ಯೋಚಿಸಿ. ಪ್ರಬಂಧದ ಮೇಲೆ ನನ್ನ ಹೆಸರು ಬರುತ್ತದೆ, ಒಳಗೆ ಏಳನೆಯ ಮನೆ ಹೊಡೆದಾಟದ ಮನೆ ಎಂದು ಬರುತ್ತದೆ. ಉಳಿದ ಒಂಬತ್ತು ದಿನದಲ್ಲಿ ಇದನ್ನು ಸರಿಪಡಿಸಲೇಬೇಕು ಎಂದು ಹಟ ಹಿಡಿದೆ. ರೊಟ್ಟಿ ಬಂದ್, ಎರಡೂ ಹೊತ್ತು ಅನ್ನ ಎಂದು ಘೋಷಿಸಿದೆ. ಊರೆಲ್ಲ ಬಂದ್ ಇರುವಾಗ ಇದೊಂದು ಹೆಚ್ಚಲ್ಲ ಎಂದು ನನ್ನ ಭಾವನೆ. ಅವ್ವ ಕಾಂಪೌಂಡ್ ಗೋಡೆಯ ಹತ್ತಿರ ಹೋಗಬಾರದು. ಮೆರವಣಿಗೆ ಬಂದರೆ ಕಿಟಕಿ ಬಾಗಿಲು ಮುಚ್ಚಬೇಕು. ಯಾರೂ ದನಿ ಎತ್ತಬಾರದು. ಮಹಾದೇವಿ ನನ್ನ ಮುಖ ನೋಡಿದಳು, ರೊಟ್ಟಿಯ ಕಲ್ಲನ್ನು ಎತ್ತಿ ಮೂಲೆಗೆ ಒರಗಿಸಿದಳು. ಡಬ್ಬಿ ಹಸಿರಾಯಿತು.

ಅದೇ ಸಂಜೆ ಅವಳ ಅಣ್ಣ ಶರಣಪ್ಪ ಬಂದ. ಬಸ್ಸಿಲ್ಲದ ದಿನ, ಬಶೀರಾಬಾದಿನಿಂದ ಮೂರು ಗಾಡಿ ಬದಲಿಸಿ, ಹೆಗಲ ಮೇಲೆ ತಂಗಿಗೆಂದು ಹೊಸ ತೊಗರಿಬೇಳೆಯ ಚೀಲ ಹೊತ್ತುಕೊಂಡು. ನಮ್ಮ ಕಡೆಯ ಪದ್ಧತಿ ನಿಮಗೆ ಹೇಳಬೇಕು. ಬಂದವರನ್ನು ಊಟಕ್ಕೆ ಕರೆದರೆ, ಅವರು ಉಂಡು ಬಂದೀನಿ ಎನ್ನಲೇಬೇಕು. ಹಸಿವಿನಿಂದ ಕಣ್ಣು ಕತ್ತಲಿಡುತ್ತಿದ್ದರೂ ಎನ್ನಬೇಕು. ಆಗ ಮನೆಯವರು ಜೋರು ಮಾಡಬೇಕು. ನಮ್ಮ ಮನೆಯ ಊಟ ಸೇರುವುದಿಲ್ಲವೇನು, ನಮ್ಮ ನೀರಿಗೆ ಹುಳ ಬಿದ್ದಿದೆಯೇನು ಎಂದು ಬೈಯಬೇಕು, ಕೈ ಹಿಡಿದು ಎಳೆಯಬೇಕು. ನಾಲ್ಕು ಸಲವಾದರೂ ಇದು ನಡೆದ ಮೇಲೆ ಅವರು, ನಿಮ್ಮ ಒತ್ತಾಯಕ್ಕೆ ಅಂತ ಕೂತು ಆರು ರೊಟ್ಟಿ ಉಣ್ಣುತ್ತಾರೆ. ಒಂದೇ ಸಲ, ಮೆತ್ತಗೆ ಕೇಳಿ ಸುಮ್ಮನಾದರೆ ಎದ್ದು ಹೋಗು ಎಂದಂತೆ.

ಮಹಾದೇವಿ ಬಾಯಿ ತೆರೆಯುವುದರೊಳಗೆ ನಾನು ಅಡ್ಡ ಬಂದು ತುಟಿಯ ಮೇಲೆ ಬೆರಳಿಟ್ಟೆ. ಗೋಡೆಯ ಕಡೆ ಕಣ್ಣು ತೋರಿಸಿದೆ. ಆಮೇಲೆ ಆಸ್ಪತ್ರೆಯಲ್ಲಿ ಮಾತಾಡುವ ದನಿಯಲ್ಲಿ, "ಉಣ್ತೀರೇನ್ರಿ?" ಎಂದು ನಾನೇ ಕೇಳಿದೆ. ಶರಣಪ್ಪ ತಂಗಿಯ ಮುಖ ನೋಡಿದ, ನನ್ನ ಮುಖ ನೋಡಿದ. "ಇಲ್ರಿ, ಉಂಡೇ ಬಂದೀನಿ" ಎಂದ. ನಾನು ತಲೆಯಾಡಿಸಿದೆ. ಅವನು ಸ್ವಲ್ಪ ಹೊತ್ತು ಕಾದ. ಇನ್ನೊಂದು ಮಾತು ಬರಲಿಲ್ಲ. ಬೇಳೆಯ ಚೀಲವನ್ನು ಬಾಗಿಲ ಹತ್ತಿರ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ದೀಪ ಹಸಿರಾಗಿಯೇ ಇತ್ತು. ನಾನು ಅದನ್ನು ಹೆಮ್ಮೆಯಿಂದ ನೋಡಿದೆ.

ಆವತ್ತಿನಿಂದ ಮಹಾದೇವಿ ನನ್ನ ಜೊತೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನು ಅವ್ವನ ಮೂಲಕ ಹೇಳುತ್ತಿದ್ದಳು. "ಅತ್ತೀ, ಅನ್ನ ಆರಾಕತ್ತದ ಅಂತ ಹೇಳ್ರಿ." ಅವ್ವನಿಗೆ ಅರ್ಧ ಕೇಳಿಸುತ್ತಿರಲಿಲ್ಲ, ಹಾಗಾಗಿ ಅನ್ನ ಆರಿಯೇ ನನ್ನ ತಟ್ಟೆಗೆ ಬರುತ್ತಿತ್ತು. ನನಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಗಿತ್ತು. ಆದರೆ ಗೋಡೆಯ ಮೇಲೆ ಹಗಲಿಡೀ ಹಸಿರು ದೀಪ ಉರಿಯುತ್ತಿರುವಾಗ ಅದನ್ನು ದೊಡ್ಡದು ಮಾಡುವುದು ಬೇಡ ಎನ್ನಿಸಿತು. ಶಾಮಿಯಾನದಲ್ಲಿ ಸಹೋದ್ಯೋಗಿಗಳಿಗೆ, ನಮ್ಮ ಮನೆಯಲ್ಲಿ ಕೆಂಪು ಹತ್ತದೆ ವಾರವಾಯಿತು, ಸಂಸಾರ ಹೇಗೆ ನಡೆಸಬೇಕು ಎಂಬುದಕ್ಕೆ ಒಂದು ಶಿಸ್ತು ಬೇಕು ಎಂದು ಉಪದೇಶ ಬೇರೆ ಮಾಡಿದೆ.

ಹದಿನೈದನೆಯ ದಿನ ಮೂವರೂ ಬಂದರು. ಮೇಡಂ ಡಬ್ಬಿಯ ಲೆಕ್ಕ ನೋಡಿ ಬಹಳ ಸಂತೋಷಪಟ್ಟರು. ಏಳನೆಯ ಮನೆಯಷ್ಟು ಸುಧಾರಿಸಿದ ಮನೆ ಇನ್ನೊಂದಿಲ್ಲ ಎಂದರು. ಡಬ್ಬಿ ಮಾಡಿದವರು ಅದಕ್ಕೆ ನನ್ನ ಬೆನ್ನನ್ನಲ್ಲ, ಡಬ್ಬಿಯನ್ನು ತಟ್ಟಿದರು. ಅಷ್ಟರಲ್ಲಿ ಜೀವಶಾಸ್ತ್ರದವರು ನಮ್ಮ ಪಟ್ಟಿಗಳನ್ನು ಲ್ಯಾಪ್‌ಟಾಪಿಗೆ ಹಚ್ಚಿ ಹುಬ್ಬು ಗಂಟಿಕ್ಕಿದರು. ಕೆಂಪು ಹತ್ತಿದ ಆರು ದಿನ ಈ ಅಮ್ಮನವರ ಎದೆಬಡಿತ ಹದವಾಗಿತ್ತು, ಹಸಿರು ಹತ್ತಿದ ಒಂಬತ್ತು ದಿನ ಎದೆ ಕುಟ್ಟಿಕೊಳ್ಳುತ್ತಲೇ ಇದೆ, ಅದರಲ್ಲೂ ಸಾರ್ ಮನೆಗೆ ಬರುವ ಹೊತ್ತಿಗೆ ಹೆಚ್ಚು ಎಂದರು. ಹಾಗಿರಲು ಸಾಧ್ಯವಿಲ್ಲ, ನಡವಳಿಕೆ ಶಾಂತವಾಗಿದೆ ಎಂದರು ಮೇಡಂ. ನಡವಳಿಕೆ ಸುಳ್ಳು ಹೇಳುತ್ತದೆ, ರಕ್ತ ಹೇಳುವುದಿಲ್ಲ ಎಂದರು ಜೀವಶಾಸ್ತ್ರದವರು. ನನ್ನ ಯಂತ್ರದಲ್ಲಿ ದೋಷವಿಲ್ಲ ಎಂದು ಮೂರನೆಯವರು ದನಿ ಏರಿಸಿದರು. ಮೂರು ಶಾಸ್ತ್ರಗಳು ನಮ್ಮ ಫರ್ಸಿಯ ಮೇಲೆ ನಿಂತು ಕಿರುಚಾಡಿದವು. ಒಂಬತ್ತು ದಿನದ ಮೇಲೆ ಡಬ್ಬಿ ಕೆಂಪಾಗಿ, ದಯವಿಟ್ಟು ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದಿತು. ಮೂಲೆಯಲ್ಲಿದ್ದ ಅವ್ವ, "ಪಾಪ, ಹಸದು ಬಂದಾರ ಕಾಣ್ತದ, ಉಣ್ಣಾಕ ಕರೀರಿ" ಎಂದಳು.

ಮೂವರೂ ನಾಚಿ ಸುಮ್ಮನಾದರು. ಆಗ ಮಹಾದೇವಿ ಮುಂದೆ ಬಂದು ಪರದೆಯ ಮೇಲಿನ ಎರಡು ಗೆರೆಗಳನ್ನು ನೋಡಿದಳು. "ಮ್ಯಾಲ ಕೆಳಗ ಆಗಿದ್ದು ನಂದು. ಈ ಕೆಳಗಿಂದು ಸಾಪ್ ಗೆರಿ ಯಾರ್ದರಿ?" ಎಂದು ಕೇಳಿದಳು. ನಾನು ತೆಲುಗಿಗೆ ತಿರುಗಿಸಿದೆ. ತಿರುಗಿಸಬಾರದಿತ್ತು. ಅದು ಸಾರ್ ಅವರದು, ಬಹಳ ಚೆನ್ನಾಗಿದೆ, ಈ ಒಂಬತ್ತು ದಿನ ನಿದ್ದೆಯಲ್ಲಿದ್ದವರ ಹಾಗೆ ನೆಮ್ಮದಿಯಿಂದ ಇದ್ದಾರೆ ಎಂದರು ಅವರು. ಅದನ್ನು ನಾನು ಕನ್ನಡಕ್ಕೆ ತಿರುಗಿಸಲಿಲ್ಲ. ತಾಂಡೂರಿನ ಕಡೆಯವಳಿಗೆ ತೆಲುಗು ಬರುತ್ತದೆ.

ಅವಳು ನನ್ನ ಕಡೆ ತಿರುಗಿದಳು. ಒಂಬತ್ತು ದಿನದ ಮೇಲೆ, ಅವ್ವನ ಮೂಲಕ ಅಲ್ಲ, ನನಗೇ ಹೇಳಿದಳು. "ನಮ್ಮಣ್ಣ ಹಸದು ಹೋಗ್ಯಾನ. ನಾ ಇಷ್ಟ ದಿನ ಮಾತಾಡಿಲ್ಲ. ನಿಮ್ಮ ಎದಿ ಒಂದ್ಸಲನೂ ಜಿಗದಿಲ್ಲೇನ್ರಿ?"

ಬಹಳ ಮೆಲ್ಲಗೆ ಹೇಳಿದಳು. ಡಬ್ಬಿ ಕೆಂಪಿನಿಂದ ಹಸಿರಿಗೆ ಬಂತು. ಅದನ್ನು ಗೋಡೆಯಿಂದ ಕಿತ್ತು ಬೀದಿಗೆ ಎಸೆಯಬೇಕೆಂದು ಅನ್ನಿಸಿತು, ಮೂವರ ಮುಂದೆ ಧೈರ್ಯವಾಗಲಿಲ್ಲ.

ಮರುದಿನ ಬಸ್ಸಿಲ್ಲದೆ, ಮೂರು ಗಾಡಿ ಬದಲಿಸಿ, ಬಶೀರಾಬಾದಿಗೆ ಹೋದೆ. ಶರಣಪ್ಪ ಬಾಗಿಲಲ್ಲೇ ನಿಂತು, ಉಣ್ತೀರೇನ್ರಿ ಎಂದು ಮೆತ್ತಗೆ ಒಂದೇ ಸಲ ಕೇಳಿದ. ಉಂಡು ಬಂದೀನಿ ಎನ್ನುವ ಪದ್ಧತಿಯನ್ನು ಆವತ್ತು ನಾನು ಮುರಿದೆ. ಹಸಿದಿದ್ದೇನೆ, ತಪ್ಪಾಯಿತು ಎಂದೆ. ಆಗ ಅವನು ಇಡೀ ಓಣಿಗೆ ಕೇಳುವಂತೆ ನನ್ನನ್ನು ಬೈದು ಒಳಗೆ ಎಳೆದುಕೊಂಡು ಹೋದ.

ಪ್ರಬಂಧ ಅಚ್ಚಾಗಿ ಬಂತು. ಒಪ್ಪಿಕೊಂಡಂತೆ ಮೊದಲ ಪುಟದಲ್ಲೇ ನನ್ನ ಹೆಸರಿದೆ. ಇಪ್ಪತ್ತೆರಡು ವರ್ಷ ಕಾದ ಹೆಸರು. ಅದನ್ನು ನಾನು ಯಾರಿಗೂ ತೋರಿಸಿಲ್ಲ, ಬೀರುವಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಕೆಳಗೆ ಇಟ್ಟಿದ್ದೇನೆ. ಪುಟ ಮಗುಚಿದರೆ ಏಳನೆಯ ಮನೆಯ ಚಿತ್ರ, ಅದರಲ್ಲಿ ನನ್ನ ಏರಿಳಿತವಿಲ್ಲದ ಸಾಪಾದ ಗೆರೆ. ಆ ಪಟ್ಟಿ ಕೆಟ್ಟಿತ್ತು ಎಂದು ನಾನು ಈಗಲೂ ಯಾರ ಜೊತೆಗಾದರೂ ವಾದಿಸಲು ತಯಾರಿದ್ದೇನೆ. ನನ್ನ ಹತ್ತಿರ ಪುರಾವೆಯೂ ಇದೆ. ಈಗ ಸಂಜೆ ಏಳಾದರೂ ಅಡುಗೆಮನೆಯಿಂದ ರೊಟ್ಟಿಯ ಸದ್ದು ಬರದಿದ್ದರೆ, ಓದುತ್ತಿದ್ದ ಪೇಪರ್ ಇಟ್ಟು ನಾನೇ ಎದ್ದು ಹೋಗಿ ಏನಾಯಿತು ಎಂದು ಕೇಳುತ್ತೇನೆ. "ಹಿಟ್ಟ ತೀರ್ಯದ, ಏನಿಲ್ಲ" ಎನ್ನುತ್ತಾಳೆ. ಆಗ ಹಿತ್ತಿಲಿಗೆ ಹೋಗಿ ಎರಡು ಬೆರಳಿನಿಂದ ನನ್ನ ಮಣಿಕಟ್ಟು ಹಿಡಿದು ನೋಡಿಕೊಳ್ಳುತ್ತೇನೆ. ಜೋರಾಗಿಯೇ ಹೊಡೆದುಕೊಳ್ಳುತ್ತಿರುತ್ತದೆ. ಅದನ್ನು ಬರೆದುಕೊಳ್ಳಲು ಆ ಹೊತ್ತಿನಲ್ಲಿ ಹೈದರಾಬಾದಿನಿಂದ ಒಬ್ಬರೂ ಬರುವುದಿಲ್ಲ. ನನ್ನ ಸಿಟ್ಟಿರುವುದು ಅದಕ್ಕೆ.