ಉಯ್ಯಾಲೆಗೊಂದು ಲೋಡ್ ಟೆಸ್ಟ್

ಸೇತುವೆ ಕಟ್ಟುವವರನ್ನು ಮದುವೆಯಾದರೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಜೊತೆಗೆ ಕೂತು ನಗಲು ಅವರೇ ಊರಲ್ಲಿರುವುದಿಲ್ಲ, ಅಷ್ಟೆ. ನಮ್ಮ ಯಜಮಾನರು ಒಂದು ವಿದೇಶಿ ಕಂಪನಿಯಲ್ಲಿ ಸಿವಿಲ್ ಇಂಜಿನಿಯರ್ ಆಗಿದ್ದರು. ಕಂಪನಿ ಹೊಳೆ ಕಂಡಲ್ಲೆಲ್ಲ ಸೇತುವೆ ಕಟ್ಟಿತು. ನಾನು ಬಸವನಗುಡಿಯಲ್ಲಿ ಮನೆ ನಡೆಸಿದೆ.

ಮೂರನೇ ಕಂಬ

ನಾನು ಚರಿತ್ರೆ ಓದಿ ಬಿ.ಎ. ಮಾಡಿದವಳು. ಅವರು ಕಳಿಸಿದ ಪ್ರತಿ ಫೋಟೊವನ್ನೂ ಆಲ್ಬಮ್ಮಿಗೆ ಅಂಟಿಸಿ, ಅಲ್ಲಿ ಏನು ಕಟ್ಟಿದರು, ಆಗ ಇಲ್ಲಿ ಏನು ನಡೆಯಿತು ಎಂದು ಕೆಳಗೆ ಬರೆಯುತ್ತಿದ್ದೆ. 'ಕೊಲ್ಲಿಯ ಬಂದರು: ಮಗಳ ನಾಮಕರಣ.' 'ಆಫ್ರಿಕಾದ ಅಣೆಕಟ್ಟು: ನಾದಿನಿಯ ಮದುವೆ.'

ಗೌರಿ ಹಬ್ಬಕ್ಕೆ ಕುಂಕುಮ ತೆಗೆದುಕೊಳ್ಳಲು ಬಂದ ಪಕ್ಕದ ಮನೆಯಾಕೆ ಆಲ್ಬಮ್ ತಿರುವಿ ಹಾಕಿದರು. "ಏನ್ರೀ, ಬರೀ ಕಂಬಗಳೇ ಇವೆ. ನಿಮ್ಮ ಯಜಮಾನ್ರೆಲ್ಲಿ?"

"ಆ ಮೂರನೇ ಕಂಬದ ಹಿಂದೆ ಇರಬೇಕು," ಅಂದೆ. "ಸಿಕ್ಕಿದ್ರೆ ನಂಗೂ ತೋರಿಸಿ."

ಹುಳಿಪುಡಿ

ಒಮ್ಮೆ ಹುಳಿಪುಡಿ ಮಾಡಿ ಡಬ್ಬಿ ತುಂಬಾ ಕಳಿಸಿದೆ. ದಾರಿಯಲ್ಲಿ ಮುಚ್ಚಳ ಒಡೆದಿತ್ತಂತೆ. ಇವರು ಪುಡಿಯನ್ನು ಕೈಗೆ ಸಿಕ್ಕಿದ ಚೀಲಕ್ಕೆ ಸುರಿದಿಟ್ಟರು. ಅದು ಮಣ್ಣಿನ ಮಾದರಿ ತುಂಬುವ ಚೀಲ. ಯಾರೋ ಎತ್ತಿಕೊಂಡು ಹೋಗಿ ಪರೀಕ್ಷೆಗೆ ಕೊಟ್ಟರು. 'ತೀರಾ ಸಡಿಲ. ಇದರ ಮೇಲೆ ಏನೂ ಕಟ್ಟಬೇಡಿ' ಎಂದು ವರದಿ ಬಂತು.

ಇವರು ಫೋನಿನಲ್ಲಿ ಹೇಳಿದ್ದನ್ನು ಅತ್ತೆಗೆ ತಿಳಿಸಿದೆ. ಅವರಿಗೆ ಸಿಟ್ಟೇ ಬಂತು. "ಅವರಿಗೇನೇ ಗೊತ್ತು? ನಮ್ಮ ಸಂಸಾರ ನಿಂತಿರೋದೇ ಆ ಪುಡಿ ಮೇಲೆ!"

ಉಯ್ಯಾಲೆ

ಹೊಸ ಮದುಮಗಳಾಗಿ ನಾನು ಕೇಳಿದ್ದು ಇಷ್ಟೇ: ಹಜಾರದಲ್ಲೊಂದು ಉಯ್ಯಾಲೆ, ಸಂಜೆ ಅದರ ಮೇಲೆ ಇಬ್ಬರೂ ಕೂತು ಕಾಫಿ. "ಇದೊಂದು ಸೇತುವೆ ಮುಗೀಲಿ ಕಣೇ," ಎನ್ನುತ್ತಿದ್ದರು. ಅದು ಮುಗಿಯುವಷ್ಟರಲ್ಲಿ ಕಂಪನಿಗೆ ಇನ್ನೊಂದು ಹೊಳೆ ಸಿಕ್ಕಿರುತ್ತಿತ್ತು.

ಹೋದ ವರ್ಷ ನಿವೃತ್ತರಾಗಿ ಬಂದರು. ಹಜಾರದಲ್ಲಿ ಉಯ್ಯಾಲೆ ತೂಗುಹಾಕಿಸಿದರು. ನಾನು ರೇಷ್ಮೆ ಸೀರೆ ಉಟ್ಟು ಬಂದರೆ, ಅಕ್ಕಿಪೇಟೆಯಿಂದ ತಂದ ಎರಡು ಮೂಟೆ ಅಕ್ಕಿ ಅದರ ಮೇಲೆ ಅಕ್ಕಪಕ್ಕ ಕೂತಿವೆ!

"ಇದೇನ್ರೀ?"

"ಲೋಡ್ ಟೆಸ್ಟ್. ಹೊಸ ಸೇತುವೆ ಮೇಲೆ ಲಾರಿ ನಿಲ್ಲಿಸಿ ನೋಡಲ್ವಾ, ಹಾಗೆ. ನಾಳೆವರೆಗೂ ಯಾರೂ ಹತ್ತೋ ಹಾಗಿಲ್ಲ."

"ಅನ್ನಕ್ಕಾದ್ರೂ ಒಂದು ಪಾವು ತೊಗೋತೀನಿ."

"ಮಧ್ಯದಲ್ಲಿ ಭಾರ ಇಳಿಸಿದ್ರೆ ಟೆಸ್ಟೇ ವ್ಯರ್ಥ ಕಣೇ!"

ಅಂದು ನೆಲದ ಮೇಲೆ ಕೂತು ಉಪ್ಪಿಟ್ಟು ತಿಂದೆವು. ಇಷ್ಟು ವರ್ಷ ನಾನು ಬಯಸಿದ ಜಾಗದಲ್ಲಿ ಮೂಟೆಗಳು ಆರಾಮಾಗಿ ತೂಗುತ್ತಿದ್ದವು.

ಮರುದಿನ ಸಂಜೆ ಮೂಟೆ ಇಳಿದವು. ಅವರು ಕೂತರು, ಪಕ್ಕದಲ್ಲಿ ನಾನು. ಕಾಫಿಯ ಮೊದಲ ಗುಟುಕಿಗೇ ಅವರ ಫೋನ್ ರಿಂಗಾಯಿತು. ನಾನೇ ಎತ್ತಿದೆ. ಕಂಪನಿಯ ಬೆಂಗಳೂರು ಕಚೇರಿಯ ಹೆಣ್ಣುಮಗಳು. ಕಂಪನಿ ಕಟ್ಟಿದ್ದರ ಚರಿತ್ರೆಯನ್ನೆಲ್ಲ ಪುಸ್ತಕ ಮಾಡುತ್ತಾರಂತೆ; ಸರ್ ಆರು ತಿಂಗಳ ಮಟ್ಟಿಗೆ ಹೆಡ್ ಆಫೀಸಿಗೆ ಬರಬೇಕಂತೆ. ಕೇಳಿಸಿಕೊಂಡ ಇವರು ಆಗಲೇ ಅರ್ಧ ಎದ್ದಿದ್ದರು, ಮುಖ ಅರಳಿತ್ತು.

ಅವರ ತೋಳು ಹಿಡಿದು ಕೂರಿಸಿದೆ.

"ಚರಿತ್ರೆ ನನ್ನ ಆಲ್ಬಮ್ಮಿನಲ್ಲಿದೆಯಮ್ಮ, ಕಳಿಸ್ತೀನಿ," ಅಂದೆ. "ಅವರನ್ನ ಮಾತ್ರ ಕಳಿಸೋಕಾಗಲ್ಲ. ಇಲ್ಲಿ ಲೋಡ್ ಟೆಸ್ಟ್ ನಡೀತಿದೆ. ಮಧ್ಯದಲ್ಲಿ ಭಾರ ಇಳಿಸೋ ಹಾಗಿಲ್ಲ."