ಬೀಗರ ಕುರ್ಚಿಯ ಬೆನ್ನು

ನಮ್ಮ ಕಾಕಾ ಕುಳಿತದ್ದನ್ನು ನಾನು ಜೀವಮಾನದಲ್ಲಿ ನೋಡಿಲ್ಲ. ಒರಗಿದ್ದನ್ನಷ್ಟೇ ನೋಡಿದ್ದೇನೆ! ಗೋಡೆ, ಕಂಬ, ಅರಳೆಯ ಮೂಟೆ, ಪಕ್ಕದಲ್ಲಿ ಕುಳಿತ ಅಪರಿಚಿತ, ಯಾವುದಾದರೂ ಸರಿ, ಅವನ ಬೆನ್ನು ಹೋಗಿ ಅಂಟಿಕೊಳ್ಳುತ್ತಿತ್ತು. ಒಮ್ಮೆ ಸಂತೆಯಲ್ಲಿ ನಿಂತ ಎತ್ತಿಗೂ ಒರಗಿದ್ದ. ಎತ್ತು ಹೊರಟುಹೋಯಿತು, ಅದು ಬೇರೆ ಮಾತು. ಕಾರಣವೂ ಇತ್ತೆನ್ನಿ. ಬೆಟಗೇರಿಯಲ್ಲಿ ನಮ್ಮದು ಗಾದಿ ಹೊಲಿಯುವ ಪಿಂಜಾರರ ಮನೆ. ಬಗ್ಗಿ ಬಗ್ಗಿ ಹೊಲಿದು ಕಾಕಾನ ಬೆನ್ನು ಚಿಕ್ಕ ವಯಸ್ಸಿಗೇ ಮುಷ್ಕರ ಹೂಡಿತ್ತು.

ಇಂಥ ಬೆನ್ನಿನವನು ಕೊಂಡದ್ದೇನು ಅಂತೀರಿ? ಮೋಟಾರ್ ಸೈಕಲ್! ಅದೂ ದೇಶ ಸುತ್ತುವವರಿಗೆಂದೇ ಮಾಡಿದ, ಎಮ್ಮೆಯಂಥ ಗಾಡಿ. ಹುಬ್ಬಳ್ಳಿಯಲ್ಲಿ ಯಾರೋ ಹಳೆಯದನ್ನು ಮಾರುತ್ತಿದ್ದರಂತೆ. ನಮ್ಮ ಗದಗ ಆಗಷ್ಟೇ ಜಿಲ್ಲೆಯಾಗಿತ್ತು.

"ಇನ್ನ ನಾವು ಜಿಲ್ಲಾದ ಮಂದಿ. ಸೈಕಲ್ ಮ್ಯಾಲೆ ಗಾದಿ ಹೊತ್ತು ತಿರುಗಿದ್ರ ಜಿಲ್ಲಾದ ಮರ್ಯಾದಿ ಏನು ಉಳೀತು?" ಅಂದ ಕಾಕಾ.

ದೇಶ ಸುತ್ತುವ ಗಾಡಿ ಹೊಂಬಳ, ಮುಂಡರಗಿ, ಶಿರಹಟ್ಟಿಗಳನ್ನು ಸುತ್ತತೊಡಗಿತು. ಹೋಗುವಾಗ ಹಿಂದೆ ಸುತ್ತಿ ಕಟ್ಟಿದ ಗಾದಿಗೆ ಒರಗಿ ಕಾಕಾ ಸುಖವಾಗಿ ಹೋಗುತ್ತಿದ್ದ. ಗಾದಿ ಕೊಟ್ಟು ಬರುವಾಗ? ಒರಗಲು ಏನೂ ಇಲ್ಲ! ಮನೆ ಮುಟ್ಟುವಷ್ಟರಲ್ಲಿ ಬಿಲ್ಲಾಗಿರುತ್ತಿದ್ದ. ಡಾಕ್ಟರು ಗಾಡಿ ಬಿಡಿ ಅಂದರು. ಅವನ ಹೆಂಡತಿ, ನಮ್ಮ ಕಾಕು, ಮಾರಿಬಿಡಿ ಅಂದಳು. ಕಾಕಾ ಇಬ್ಬರಿಗೂ ಹೂಂ ಅಂದು, ಗಾಡಿಗೇ ಒಂದು ಒರಗು ಮಾಡಲು ಕುಳಿತ. ತಪ್ಪಾಯಿತು, ಒರಗಿದ.

ಗಾದಿ ಹೊಲಿಯುವವನಿಗೆ ಬರುವುದು ಒಂದೇ ವಿದ್ಯೆ. ಮೈ ಚಾಚಿದವನಿಗೆ ನಿದ್ದೆ ಬರಬೇಕು. ಮದುವೆ ಗಾದಿಗೆ ಹಾಕುವ ನಯವಾದ ಅರಳೆ ತುಂಬಿ, ದಪ್ಪ ದಿಂಬು ಹೊಲಿದು, ಸೀಟಿನ ನಡುವೆ ಹಗ್ಗದಿಂದ ಬಿಗಿದ. ಶಿರಹಟ್ಟಿಯ ರಸ್ತೆಯಲ್ಲಿ ದಿಂಬು ತನ್ನ ಕೆಲಸ ಮಾಡಿತು! ಕಾಕಾ ಕಣ್ಣು ಬಿಟ್ಟಾಗ ಗಾಡಿ ಶೇಂಗಾ ಹೊಲದಲ್ಲಿ ಹೂತು ನಿಂತಿತ್ತು. ಎದುರಿಗೆ ಹೊಲದವನು.

"ನಿದ್ದಿ ಆತೇನ್ರೀ? ಚಾ ತರಸ್ಲೇನು?"

ಸುದ್ದಿ ಕೇಳಿ ಕಾಕು ಎದೆ ಹಿಡಿದುಕೊಂಡಳು. ಕಾಕಾ ಮಾತ್ರ, "ಅರಳಿ ಎಷ್ಟ್ ಚೊಲೊ ಇತ್ತು ನೋಡು" ಎಂದು ಬೀಗಿದ. ಒರಗಿನೊಳಗೆ ಕಟ್ಟಿಗೆಯೂ ಇರಬೇಕೆಂದು ಅವನಿಗೆ ಹೊಳೆದದ್ದು ಆಗಲೇ. ಹೊಳೆಯಬಾರದಿತ್ತು!

ಅದೇ ವಾರ ಲಕ್ಷ್ಮೇಶ್ವರದಿಂದ ನನ್ನನ್ನು ನೋಡಲು ಬರುವವರಿದ್ದರು. ಹುಡುಗನನ್ನು ನಾನು ಸಂಬಂಧಿಕರ ಮದುವೆಯೊಂದರಲ್ಲಿ ಮೊದಲೇ ನೋಡಿದ್ದೆ. ಮನಸ್ಸು ಆಗಲೇ ಅತ್ತ ಹೋಗಿತ್ತು, ಮುಚ್ಚಿಡುವುದೇನು? ಈ ಸಂಬಂಧ ಕೂಡಿಬರಲಿ ಎಂದು ದಿನಾ ಬೇಡಿಕೊಳ್ಳುತ್ತಿದ್ದೆ.

ನಮ್ಮ ಮನೆಯಲ್ಲಿ ಎಲ್ಲರೂ ನೆಲದ ಗಾದಿಯ ಮೇಲೆ ಕುಳಿತುಕೊಳ್ಳುವವರು. ಬೀಗರಾಗುವವರಿಗೆಂದು ಮಾತ್ರ ಒಂದು ಸಾಗವಾನಿ ಕುರ್ಚಿ ಇತ್ತು. ಅಂದು ನೋಡಿದರೆ ಆ ಕುರ್ಚಿಗೆ ಹೊಸ ಗವಸು! ಕೆಂಪು ಮಖಮಲ್ಲು, ಅಂಚಿಗೆ ಜರಿ.

"ಯಾರೂ ಹೇಳೂಕಿಂತ ಮೊದ್ಲ ಮಾಡ್ಯಾನ ನೋಡ್ರಿ ನನ್ನ ತಮ್ಮ" ಎಂದು ಅಪ್ಪ ಕಣ್ಣು ಒರೆಸಿಕೊಂಡ.

ಹುಡುಗನ ಜೊತೆ ಅವನ ತಂದೆ ಬಂದರು. ತೂಕದ ಮನುಷ್ಯ, ಎಲ್ಲ ಅರ್ಥದಲ್ಲೂ. ಕುರ್ಚಿಯಲ್ಲಿ ಕುಳಿತರು. ನಾನು ಶರಬತ್ತು ಕೊಟ್ಟೆ. ಅವರು ನನ್ನನ್ನು ನೋಡಿ, ಮುಖ ಅರಳಿಸಿ, "ನಮಗ..." ಎಂದು ಬಾಯಿ ತೆರೆದು, ಸಮಾಧಾನದಿಂದ ಹಿಂದಕ್ಕೆ ಒರಗಿದರು. ಒರಗಿದರು, ಒರಗಿದರು, ಒರಗುತ್ತಲೇ ಹೋದರು!

ಕುರ್ಚಿಗೆ ಬೆನ್ನೇ ಇರಲಿಲ್ಲ. ಬೆನ್ನಿನ ಕಟ್ಟಿಗೆಯನ್ನು ಕಾಕಾ ಗರಗಸದಿಂದ ಕೊಯ್ದು ಗಾಡಿಗೆ ಒಯ್ದಿದ್ದ. ಆ ಜಾಗದಲ್ಲಿ ಅರಳೆ ತುಂಬಿದ ಗವಸನ್ನು ನಿಲ್ಲಿಸಿದ್ದ, ಅಷ್ಟೆ! ಬೀಗರಾಗಬೇಕಾದವರ ಕಾಲು ಮೇಲೆ, ಎದೆಯ ಮೇಲೆ ಶರಬತ್ತು. ಹುಡುಗ ಓಡಿಬಂದು ತಂದೆಯನ್ನು ಎತ್ತಿದ. ಎತ್ತುವಾಗ ನಗು ತಡೆಯಲು ಅವನ ಕೆನ್ನೆ ಉಬ್ಬಿದ್ದನ್ನು ನೋಡಿದೆ. ಅಯ್ಯೋ, ಆಗಂತೂ ಇನ್ನೂ ಹೆಚ್ಚು ಇಷ್ಟವಾಗಿಬಿಟ್ಟ!

"ಗಟ್ಟಿ ತುಂಬಿದ್ನಿರಿ. ನಿಂದರತೈತಿ ಅನ್ಕೊಂಡಿದ್ನಿ" ಅಂದ ಕಾಕಾ. ಅರಳೆಯ ಮೇಲೆ ಅವನಿಗಿದ್ದ ನಂಬಿಕೆ ಅರಳೆಗೇ ಇರಲಿಲ್ಲ.

"ಖಬರ ಕೊಡ್ತೀವಿ" ಎಂದು ಸೊಂಟ ಹಿಡಿದುಕೊಂಡು ಅವರು ಹೊರಟರು. ಹೆಣ್ಣು ಹೆತ್ತವರಿಗೆ ಆ ಮಾತಿನ ಅರ್ಥ ಹೇಳಬೇಕೆ? ನಾನು ಒಳಗೆ ಹೋಗಿ ಗಾದಿಯಲ್ಲಿ ಮುಖ ಹುದುಗಿಸಿ ಅತ್ತೆ.

"ನನ್ನ ಮಗಳ ಬಾಳೇವು ಮುರದ್ಯಲ್ಲೋ! ಇನ್ನ ನನಗ ಮುಖ ತೋರಸಬ್ಯಾಡ ಲೇ" ಎಂದು ಅಪ್ಪ ಕೂಗಿದ. ಕಾಕಾ ಅಂಗಳದ ನಡುವೆ ಯಾವುದಕ್ಕೂ ಒರಗದೆ ನಿಂತಿದ್ದ. ಅವನು ಹಾಗೆ ನಿಂತದ್ದನ್ನು ನೋಡಿ ನನಗೆ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಕಾಕಾನೂ ಇಲ್ಲ, ಗಾಡಿಯೂ ಇಲ್ಲ. ಮಧ್ಯಾಹ್ನ ಓಣಿಯಲ್ಲಿ ಗಾಡಿಯ ಸದ್ದಾಯಿತು. ಹೊರಗೆ ಬಂದ ಅಪ್ಪ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಮುಂದೆ ಕಾಕಾ, ಹ್ಯಾಂಡಲ್ ಮೇಲೆ ಮುದುಡಿದ್ದಾನೆ. ಹಿಂದೆ, ನಮ್ಮ ಸಾಗವಾನಿ ಕುರ್ಚಿಯ ಬೆನ್ನಿಗೆ ನವಾಬನಂತೆ ಒರಗಿ, ಹುಡುಗನ ತಂದೆ! ಕಾಕಾ ತನಗೆಂದು ಸೀಟಿನ ನಡುವೆ ಕೂರಿಸಿದ್ದ ಒರಗನ್ನು ಬಿಚ್ಚಿ, ಹಿಂದಿನವರಿಗೆ ಆಗುವಂತೆ ಕ್ಯಾರಿಯರ್‌ಗೆ ಬಿಗಿದು ಕರೆತಂದಿದ್ದ.

"ಮುಂಜಾನಿ ಬಾಗಲಾ ತಗದ್ರ ಇವ್ರು ನಿಂತಾರ್ರಿ" ಅಂದರು ಅವರು, ಇಳಿಯುವ ಆತುರವಿಲ್ಲದೆ. "'ತಪ್ಪು ನಂದು, ಹುಡುಗೀದಲ್ಲ. ನಿಮ್ಮ ಕುರ್ಚಿ ಬೆನ್ನು ತಂದೀನಿ, ಒಮ್ಮಿ ಒರಗಿ ಆಮ್ಯಾಲೆ ಒಲ್ಲೆ ಅನ್ರಿ' ಅಂದ್ರು. ಒರಗಿ ನೋಡಿದ್ನಿ. ಲಕ್ಷ್ಮೇಶ್ವರದಿಂದ ಇಲ್ಲೀತನಕ ಒರಗೇ ಬಂದೀನಿ. ಈಗ ಒಲ್ಲೆ ಅನ್ನಾಕ ಬಾಯಿ ಬರವಲ್ದು!"

"ಅಂದ್ರ... ಹುಡುಗಿ?" ಅಪ್ಪ ಚೌಕಟ್ಟು ಬಿಟ್ಟು ಮುಂದೆ ಬಂದ.

"ಹುಡುಗಿ ನಿನ್ನೇನ ಒಪ್ಪಿಗಿ ಇದ್ಲ್ರಿ. ಹೇಳಾಕ ಹತ್ತಿದ್ನಿ, ಅಷ್ಟ್ರಾಗ ಬಿದ್ನಿ."

ಒಳಗೆ ಸಕ್ಕರೆ ಹಂಚುವ ಗದ್ದಲ ಶುರುವಾಯಿತು. ನಾನು ಹಿಂಬಾಗಿಲಿನಿಂದ ಅರಳೆಯ ಕೋಣೆಗೆ ಹೋದೆ. ಕಾಕಾ ನೆಲದ ಮೇಲೆ ಸೊಂಟ ಹಿಡಿದು ಕುಳಿತಿದ್ದ. ಹೋಗುತ್ತ ಬರುತ್ತ ಅಷ್ಟು ದೂರ ಬಗ್ಗಿ ಗಾಡಿ ಹೊಡೆದವನಿಗೆ ಗೋಡೆಯವರೆಗೆ ಸರಿಯುವ ತ್ರಾಣವೂ ಉಳಿದಿರಲಿಲ್ಲ. ಆದರೂ ನಿನ್ನೆಯ ಸಿಟ್ಟು ನನ್ನಲ್ಲಿ ಉಳಿದೇ ಇತ್ತು.

"ಊರಾಗ ಬ್ಯಾರೆ ಕಟ್ಟಿಗಿ ಇರ್ಲಿಲ್ಲೇನು ಕಾಕಾ? ನನ್ನ ನೋಡಾಕ ಬರೂ ಹೊತ್ತಿನ್ಯಾಗ ಆ ಕುರ್ಚೀನ ಯಾಕ ಕೊಯ್ದಿ?"

"ಹೊತ್ತು ಎಲ್ಲಿತ್ತವ್ವಾ? ಅವ್ರು ಒಪ್ಪಿದ್ರ ನೀ ಹೊಂಟೇಬಿಡ್ತಿದ್ದಿ." ಕಾಕಾ ತಲೆ ಎತ್ತಲಿಲ್ಲ. "ಲಕ್ಷ್ಮೇಶ್ವರ ಏನ್ ಓಣಿ ದಾಟಿ ಐತೇನು? ಬಸ್ಸಿಗೆ ಬಂದ್ರ ಬಸ್ಸಿನ ಹೊತ್ತಿಗೇ ಏಳಬೇಕು. ನಿನ್ನ ನೋಡಬೇಕು ಅನಿಸಿದಾಗ ಬರಾಕ ಗಾಡಿ ಬೇಕು. ಗಾಡಿ ಹೊಡಿಯಾಕ ಈ ಬೆನ್ನು ತಾಳಬೇಕಲ್ಲ ನನ್ನವ್ವ."

ನಾನು ಅವನ ಹಿಂದೆ ಹೋಗಿ, ಬೆನ್ನಿಗೆ ಬೆನ್ನು ಕೊಟ್ಟು ಕುಳಿತೆ. ಕಾಕಾ ಮೆಲ್ಲಗೆ ಒರಗಿದ. "ನಿನ್ನ ಬೆನ್ನಾಗ ಅರಳಿ ಕಡಿಮಿ ಬಿದ್ದೈತಿ. ಉಣ್ಣು ಸ್ವಲ್ಪ" ಅಂದ.

ನಾನು ಅಳುತ್ತಿದ್ದುದು ಅವನಿಗೆ ಕಾಣುವಂತಿರಲಿಲ್ಲ. ಬೆನ್ನಿಗೆ ತಿಳಿದಿರಬೇಕು.