ಯಾವ ಪುಸ್ತಕ, ಯಾವ ಪುಟ?

ಜಿನ್ನಪ್ಪ ಮಾಸ್ತರರ ಪೇಚಾಟಕ್ಕೆಲ್ಲ ಮೂಲ ಅವರೇ ಕಲಿಸಿದ ಪಾಠ. ಜಮಖಂಡಿಯ ವಾಚನಾಲಯ ನೋಡಿಕೊಳ್ಳುತ್ತಿದ್ದ ಅವರು, ಸಾಂಗ್ಲಿಯ ಕಾಲೇಜಿನಿಂದ ರಜೆಗೆ ಬಂದ ಹುಡುಗರನ್ನು ಕೂಡಿಸಿಕೊಂಡು, "ಬಾಯಿಮಾತು ನಂಬಬ್ಯಾಡ್ರಿ. ಯಾರ ಏನ ಹೇಳಿದ್ರೂ ಯಾವ ಪುಸ್ತಕ, ಯಾವ ಪುಟ ಅಂತ ಕೇಳ್ರಿ" ಎಂದು ವಾರವಿಡೀ ತಲೆ ತಿಂದಿದ್ದರು. ಹುಡುಗರು ಕಲಿತೇಬಿಟ್ಟರು.

ಅಂದು ಜೂನ್ ಒಂದು. ಸಂಸ್ಥಾನದ ಕಾರಭಾರಿಗಳು ವಾಚನಾಲಯ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಹನ್ನೆರಡು ವರ್ಷದ ಹಂಗಾಮಿ ನೌಕರಿ ಕಾಯಂ. ಹೆಂಡತಿ ಪದ್ಮವ್ವ ಬೆಳಿಗ್ಗೆಯೇ ಹೋಳಿಗೆಗೆ ಬೇಳೆ ಬೇಯಲು ಇಟ್ಟಿದ್ದಳು.

ವಾಚನಾಲಯದ ಬಾಗಿಲು ತೆಗೆಯುವುದರೊಳಗೆ ಚಹಾದಂಗಡಿಯ ಅಮಸಿದ್ದಪ್ಪ ಹಾಜರಾದ. "ಏನ ಕಲಿಸೀರಿ ಮಾಸ್ತರ? ಇದು ಎಮ್ಮಿ ಹಾಲು ಅಂದ್ರ ನಿಮ್ಮ ಶಿಷ್ಯ ಪರಮಾನಂದ ಯಾವ ಪುಸ್ತಕದಾಗ ಐತಿ ಅಂತಾನ! ಎಮ್ಮಿ ಏನ ಬರದ ಕೊಡತೈತೇನ್ರಿ?"

ಅವನನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಕಾರಭಾರಿಗಳು ಬಂದರು. ಕುರ್ಚಿಯಲ್ಲಿ ಕೂತು ಮೀಸೆ ತೀಡಿ, "ಈ ಸೀಮಿಗೆ ಮೊದಲ ಮೋಟಾರು ತಂದಾವ ನಾನ" ಎಂದರು.

"ಯಾವ ಪುಸ್ತಕದಾಗ ಐತ್ರಿ? ಎಷ್ಟನೇ ಪುಟ?" ಎಂದ, ಹುಡುಗರ ನಡುವೆ ನಿಂತಿದ್ದ ಪರಮಾನಂದ.

ಮಾಸ್ತರರು ಹುಡುಗನ ತೋಳು ಹಿಡಿದು ಹಿಂದಕ್ಕೆಳೆದರು. ಆದರೆ ಕಾರಭಾರಿಗಳು ಹೊಟ್ಟೆ ಹಿಡಿದು ನಕ್ಕರು. "ಎಲ್ಲೂ ಇಲ್ಲಪಾ, ಬಡಾಯಿ ಕೊಚ್ಚಿದೆ! ಹಿಂಗ ಕೇಳೋ ಹುಡುಗರ ಬೇಕು. ಮಾಸ್ತರ, ನಿಮ್ಮನ್ನ ಕಾಯಂ ಮಾಡೇನಿ ಅಂತ ತಿಳೀರಿ. ವಯಸ್ಸೆಷ್ಟು?"

"ಐವತ್ತೆರಡ್ರಿ. ನಮ್ಮವ್ವ ಹೇಳತಿದ್ಲು."

"ಬಾಯಿಮಾತಲ್ಲೇನ್ರಿ ಅದು?" ಎಂದ ಪರಮಾನಂದ ಕಪಾಟಿನತ್ತ ಓಡಿದ. ಗೆದ್ದಲಿನ ಬಾಯಿಂದ ತಪ್ಪಿಸಿ, ಚೀಟಿ ಅಂಟಿಸಿ, ವರ್ಷವಾರು ಜೋಡಿಸಿದ ಊರ ಶಾಲೆಯ ಹಳೆಯ ದಾಖಲೆಗಳನ್ನು ಮಾಸ್ತರರು ಅಲ್ಲೇ ಇಟ್ಟಿದ್ದರು. ಎರಡೇ ನಿಮಿಷದಲ್ಲಿ ಹುಡುಗ ಪುಸ್ತಕ ಹಿಡಿದು ಬಂದ. "ಹದಿನೇಳನೇ ಪುಟ. ಹುಟ್ಟಿದ್ದು ಜೂನ್ ಒಂದು. ಇವತ್ತಿಗೆ ಸರಿಯಾಗಿ ಐವತ್ತೈದು ತುಂಬಿದವ್ರಿ!"

ಐವತ್ತೈದಕ್ಕೆ ಸಂಸ್ಥಾನದ ನೌಕರಿ ಮುಗಿಯುತ್ತದೆ. ಮಾಸ್ತರರಿಗೆ ಎಲ್ಲ ನೆನಪಾಯಿತು. ನಾಲ್ಕು ವರ್ಷದ ಅವರನ್ನು ಅವ್ವ ಅದೇ ಶಾಲೆಗೆ ಎಳೆದೊಯ್ದಿದ್ದಳು. ತಲೆಯ ಮೇಲಿಂದ ಕೈ ಹಾಯಿಸಿದರೆ ಆಚೆಯ ಕಿವಿ ಸಿಗಲಿಲ್ಲ. ಮನೆಯಲ್ಲಿ ಇವನ ಕಾಟ ತಾಳಲಾರೆ ಎಂದು ಅವ್ವ ಗೋಗರೆದಾಗ, ಅಂದಿನ ಮಾಸ್ತರರು ಮೂರು ವರ್ಷ ಸೇರಿಸಿ ಏಳು ಎಂದು ಬರೆದುಕೊಂಡಿದ್ದರು.

"ಅದು ಸುಳ್ಳ ಬರದದ್ರಿ..." ಎಂದರು ಮಾಸ್ತರರು.

"ಯಾವ ಪುಸ್ತಕದಾಗ ಐತಿ?" ಎಂದರು ಕಾರಭಾರಿಗಳು.

ಮಾಸ್ತರರು ಮನೆಗೆ ಬಂದಾಗ ಹೋಳಿಗೆ ಘಮಘಮಿಸುತ್ತಿತ್ತು. "ಕಾಯಂ ಆತೇನ್ರಿ?" ಎಂದಳು ಪದ್ಮವ್ವ.

"ಆತು. ಇನ್ನ ಮನ್ಯಾಗ ಕಾಯಂ. ಆದ್ರ ಹುಡುಗ ಎಷ್ಟ ಲಗೂ, ಎರಡ ನಿಮಿಷದಾಗ ಹುಡುಕಿದ ಅಂತಿ!" ದುಃಖವಿತ್ತು, ನಿಜ. ಹೆಮ್ಮೆ ಅದಕ್ಕಿಂತ ಒಂದು ತೂಕ ಹೆಚ್ಚಿತ್ತು.

ಅಷ್ಟರಲ್ಲಿ ಪರಮಾನಂದನೇ ತಲೆ ತಗ್ಗಿಸಿಕೊಂಡು ಬಂದ. "ಮಾಸ್ತರ, ನಿಮ್ಮ ಜಾಗಾ ನನಗ ಕೊಡತೇನಿ ಅಂದಾರ್ರಿ."

"ಬರದ ಕೊಟ್ಟಾರೇನು?"

"ಇಲ್ರಿ. ಬಾಯಿಲೆ ಹೇಳ್ಯಾರ."

"ಹಂಗಾದ್ರ ನಂಬಬ್ಯಾಡ. ಕೂಡು, ಹೋಳಿಗಿ ತಿನ್ನು."